ಹುಳದ ಮದ್ದು: ಸಾಲು ಸಾಲಿಗೆ ವ್ಯಾಖ್ಯಾನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮನೆಗಳಲ್ಲಿ ಜೇನು, ಮೇಣ, ಇರುವೆ, ಹುತ್ತದ ಬಗ್ಗೆ ಹಿರಿಯರು ಆಡುವ ಮಾತುಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಪೂರಾ ನಿಜ, ಕೆಲವು ಅರ್ಧ ನಿಜ, ಒಂದೆರಡು ಪ್ರಾಣಕ್ಕೇ ಕುತ್ತು ತರುವಂಥವು. ಆ ಮಾತುಗಳ ಜಾಡು ಹಿಡಿದು ಒಂಬತ್ತು ಸಾಲು ಕಟ್ಟಿದ್ದೇನೆ. ಇವು ಯಾವ ಹಳೆಯ ಗ್ರಂಥದವೂ ಅಲ್ಲ. ಒಂದೊಂದು ಸಾಲನ್ನೂ ಇವತ್ತಿನ ತಿಳಿವಳಿಕೆಯ ಎದುರು ಇಟ್ಟು, ಎಷ್ಟು ನಿಲ್ಲುತ್ತದೆ ಎಂದು ನೋಡುವುದು ಈ ವ್ಯಾಖ್ಯಾನದ ಉದ್ದೇಶ.

ಮೂಲ:

ಹುಳಕ್ಕೂ ರೋಗವುಂಟು, ಅದರ ಮೈಯಲ್ಲೇ ಮದ್ದುಂಟು.
ಮುಜಂಟಿಯ ಜೇನು ಹುಳಿ. ಆ ಹುಳಿಯೇ ಅದರ ಗುಣ.
ಜೇನಿಗಿಂತ ಮೇಣಕ್ಕೆ ಹೆಚ್ಚು ಕೆಲಸ ಗೊತ್ತು.
ಒಲೆ ಕಂಡ ಜೇನು ಬರೀ ಸಿಹಿ.
ಹೆಜ್ಜೇನಿನ ಮುಳ್ಳನ್ನು ಮದ್ದೆಂದು ಕರೆಯಬೇಡ.
ಚಗಳಿ ಮೂಗಿಗೂ ಆಯಿತು, ಗೇರುಮರಕ್ಕೂ ಆಯಿತು.
ಬಸದಿಯವರು ಜೇನು ಬಿಟ್ಟರು, ಮದ್ದು ಬಿಡಲಿಲ್ಲ.
ಪೇಟೆಯ ಮಾತ್ರೆಯಲ್ಲೂ ಹುಳದ ಪಾಲುಂಟು.
ಹುತ್ತ ಅಗೆಯುವ ಮೊದಲು ಊರನ್ನು ಕೇಳು.

ಹುಳಕ್ಕೂ ರೋಗವುಂಟು, ಅದರ ಮೈಯಲ್ಲೇ ಮದ್ದುಂಟು.

ತುಡುವೆ ಜೇನಿನ ಪೆಟ್ಟಿಗೆಯೊಳಗೆ ಸಾವಿರಾರು ನೊಣಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಬದುಕುತ್ತವೆ. ಒಳಗೆ ಸದಾ ಬಿಸಿ, ತೇವ, ಸಿಹಿ. ಬ್ಯಾಕ್ಟೀರಿಯಾ, ಬೂಷ್ಟುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೂ ಗೂಡು ಕೊಳೆಯುವುದಿಲ್ಲ. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಹುಳಗಳಿಗಿಲ್ಲ. ಹಾಗಾದರೆ ಅವು ಉಳಿದದ್ದು ಹೇಗೆ ಎಂಬ ಪ್ರಶ್ನೆ ಹಿಡಿದು ಹೊರಟವರು ಸ್ವೀಡನ್ನಿನ ಹಾನ್ಸ್ ಬೋಮನ್. ಸೆಕ್ರೋಪಿಯಾ ಎಂಬ ದೊಡ್ಡ ಪತಂಗದ ಕೋಶಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ಮೈರಸದಲ್ಲಿ ಹೊಸದಾಗಿ ಏನು ಹುಟ್ಟಿತು ಎಂದು ಅವರ ತಂಡ ಹುಡುಕಿತು. 1981ರಲ್ಲಿ ಪ್ರಕಟವಾದ ಆ ವಸ್ತುವಿಗೆ ಸೆಕ್ರೋಪಿನ್ ಎಂದು ಹೆಸರಾಯಿತು. ಅದು ಅಮೈನೋ ಆಮ್ಲಗಳ ಒಂದು ಗಿಡ್ಡ ಸರಪಳಿ. ಬ್ಯಾಕ್ಟೀರಿಯಾದ ಹೊರಪೊರೆಗೆ ತೂತು ಕೊರೆದು ಕೊಲ್ಲುತ್ತದೆ. ಆಮೇಲೆ ನೊಣ, ಜೀರುಂಡೆ, ಜೇನ್ನೊಣ, ಕಣಜಗಳಲ್ಲಿ ಇಂಥವು ನೂರಾರು ಸಿಕ್ಕಿವೆ.

ಇವತ್ತು ವೈದ್ಯರಿಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣ ಸ್ಪಷ್ಟ. ಆ್ಯಂಟಿಬಯಾಟಿಕ್ ಮಾತ್ರೆಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿವೆ. ಪೊರೆಯನ್ನೇ ಹರಿಯುವ ಮದ್ದಿನಿಂದ ತಪ್ಪಿಸಿಕೊಳ್ಳುವುದು ಅವಕ್ಕೆ ಅಷ್ಟು ಸುಲಭವಲ್ಲ. ಆದರೆ ಈ ಸರಪಳಿಗಳನ್ನು ನುಂಗಿದರೆ ಹೊಟ್ಟೆ ಜೀರ್ಣಿಸಿಬಿಡುತ್ತದೆ, ತಯಾರಿಸಲು ದುಬಾರಿ, ಕೆಲವು ನಮ್ಮ ಜೀವಕೋಶಕ್ಕೂ ತೂತು ಕೊರೆಯುತ್ತವೆ. ಅದಕ್ಕೇ ಪ್ರಯೋಗಾಲಯದಲ್ಲಿ ಗೆದ್ದದ್ದು ಬಹಳ, ಔಷಧದಂಗಡಿಗೆ ಬಂದದ್ದು ಕಡಿಮೆ.

ಮೈಯಲ್ಲಿ ಮದ್ದಿದೆ ಎಂದು ಹುಳಕ್ಕೆ ರೋಗವೇ ತಟ್ಟದು ಎಂದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಿಗೆ ಬಡಿಯಿತು. ಮರಿಗಳು ನೀರು ತುಂಬಿದ ಚೀಲವಾಗಿ ಎರಿಯಲ್ಲೇ ಸತ್ತವು. ನಮ್ಮ ಜಿಲ್ಲೆಯ ಎಷ್ಟೋ ಜೇನುಕೃಷಿಕರ ತೋಟದಲ್ಲಿ ಖಾಲಿ ಪೆಟ್ಟಿಗೆಗಳು ಮಾತ್ರ ಉಳಿದವು. ಆಮೇಲೆ ಕೃಷಿ ಚಿಗುರಿದ್ದು ರೋಗ ತಾಳಿಕೊಂಡು ಉಳಿದ ಕುಟುಂಬಗಳಿಂದ.

ಮುಜಂಟಿಯ ಜೇನು ಹುಳಿ. ಆ ಹುಳಿಯೇ ಅದರ ಗುಣ.

ಈ ಸಾಲಿನ ಹತ್ತಿರ ಹೆಚ್ಚು ಹೊತ್ತು ಕೂರಬೇಕು, ಏಕೆಂದರೆ ನಮ್ಮ ಊರಿನ ಹುಳಮದ್ದಿನ ತಿರುಳು ಇಲ್ಲಿದೆ.

ಮುಜಂಟಿ ಎಂದರೆ ಚುಚ್ಚದ ಜೇನು. ಘಟ್ಟದ ಮೇಲೆ ಮಿಸ್ರಿ, ನಸರು ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಟೆಟ್ರಾಗೊನುಲ ಇರಿಡಿಪೆನ್ನಿಸ್. ಉದ್ದ ನಾಲ್ಕು ಮಿಲಿಮೀಟರ್ ಆಸುಪಾಸು, ಮೈ ಕಪ್ಪು. ಮುಳ್ಳು ಸವೆದುಹೋಗಿದೆ, ಸಿಟ್ಟು ಬಂದರೆ ಕೂದಲೊಳಗೆ ಸೇರಿ ಕಚ್ಚುತ್ತದೆ, ಅಂಟು ಮೆತ್ತುತ್ತದೆ. ಕೆಂಪುಕಲ್ಲಿನ ಗೋಡೆಯ ಸಂದು, ಹಳೆಯ ಮಣ್ಣಿನ ಗೋಡೆ, ಮರದ ಪೊಟರೆ, ಕೆಲವು ಕಡೆ ಕರೆಂಟಿನ ಮೀಟರ್ ಪೆಟ್ಟಿಗೆ, ಎಲ್ಲಾದರೂ ಸರಿ, ಬೆರಳು ಹೋಗದಷ್ಟು ಸಣ್ಣ ಬಾಗಿಲು ಸಿಕ್ಕರೆ ಸಾಕು. ಆ ಬಾಗಿಲಿಗೆ ಅಂಟಿನಿಂದ ಮಾಡಿದ ಕೊಳವೆಯೊಂದು ಹೊರಚಾಚಿರುತ್ತದೆ. ಕೊಳವೆಯ ಅಂಚಿನಲ್ಲಿ ಕಾವಲಿನ ನೊಣಗಳು ತಲೆ ಹೊರಗಿಟ್ಟು ಸಾಲಾಗಿ ಕೂತಿರುವುದನ್ನು ಅಂಗಳದಲ್ಲಿ ನಿಂತೇ ನೋಡಬಹುದು. ಗೂಡು ಬಿಡಿಸಿದರೆ ಎರಿಯ ಹಾಳೆಗಳಿಲ್ಲ. ಒಂದು ಕಡೆ ಗೊಂಚಲಾಗಿ ಮರಿಕೋಶಗಳು, ಇನ್ನೊಂದು ಕಡೆ ಒಣದ್ರಾಕ್ಷಿ ಗಾತ್ರದ ಕಂದು ಗುಡುವೆಗಳು. ಕೆಲವದರಲ್ಲಿ ಪರಾಗ, ಕೆಲವದರಲ್ಲಿ ಜೇನು. ತಿಳಿದ ಕೃಷಿಕರು ಜೇನಿನ ಗುಡುವೆಗಳನ್ನಷ್ಟೇ ಚುಚ್ಚಿ, ಓರೆ ಮಾಡಿ, ಬಸಿದುಕೊಳ್ಳುತ್ತಾರೆ. ಗೆರಟೆ, ಬಿದಿರು, ಮಡಕೆ, ಮರದ ಸಣ್ಣ ಪೆಟ್ಟಿಗೆಗಳಲ್ಲಿ ಸಾಕಿದ ಕುಟುಂಬದಿಂದ ವರ್ಷಕ್ಕೆ ಕೆಲವು ನೂರು ಗ್ರಾಂ ಸಿಕ್ಕರೆ ಅದೇ ಹೆಚ್ಚು. ಹಾಗಾಗಿ ತುಡುವೆ ಜೇನಿನ ಹಲವು ಪಟ್ಟು ಬೆಲೆ.

ನಾಲಿಗೆಗೆ ಇಟ್ಟರೆ ಮೊದಲು ಸಿಹಿ, ಕೂಡಲೇ ಹುಳಿ, ಕೊನೆಗೆ ಅಂಟಿನ ಒಗರು. ಹುಳಿಯ ಮೂಲ ಏನು? ನೊಣ ತನ್ನ ಗ್ರಂಥಿಯಿಂದ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಮಕರಂದಕ್ಕೆ ಬೆರೆಸುತ್ತದೆ. ಅದು ಗ್ಲುಕೋಸನ್ನು ಗ್ಲುಕೋನಿಕ್ ಆಮ್ಲ ಮಾಡುತ್ತದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆಯುವಾಗ ನೊರೆ ಬರುವ ನೀರು ಇದೇ, ಇಲ್ಲಿ ಬಹಳ ತೆಳುವಾಗಿ, ನಿಧಾನವಾಗಿ ಒಸರುತ್ತದೆ. ಗಟ್ಟಿ ಜೇನಿನಲ್ಲಿ ಈ ಕಿಣ್ವ ಸುಮ್ಮನಿರುತ್ತದೆ. ಗಾಯದ ನೀರು ತಾಗಿ ಜೇನು ತೆಳುವಾದಾಗ ಕೆಲಸಕ್ಕಿಳಿಯುತ್ತದೆ. ಸುಟ್ಟ ಗಾಯಕ್ಕೆ ಜೇನು ಹಚ್ಚುವ ಮನೆಮದ್ದಿನ ಹಿಂದೆ ಇಷ್ಟು ರಸಾಯನವಿದೆ. ಇದರ ಮೇಲೆ ಸಕ್ಕರೆಯ ಸಾಂದ್ರತೆ ಬ್ಯಾಕ್ಟೀರಿಯಾದ ನೀರನ್ನು ಹೀರುತ್ತದೆ. 2010ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಜೇನಿನಲ್ಲಿ ಡಿಫೆನ್ಸಿನ್-1 ಎಂಬ ಪ್ರೋಟೀನನ್ನೂ ಗುರುತಿಸಿದರು. ಅದು ಹೂವಿನದಲ್ಲ, ನೊಣದ್ದೇ. ಗಾಮಾ ಕಿರಣದಿಂದ ಶುದ್ಧಿ ಮಾಡಿದ ಜೇನಿನ ಪಟ್ಟಿಗಳಿಗೆ ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದೆ.

ಮುಜಂಟಿ ಜೇನಿಗೆ ಇನ್ನೊಂದು ವಿಶೇಷ ಇರುವ ಸಾಧ್ಯತೆ ಇದೆ. ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ಗಳ ಚುಚ್ಚದ ಜೇನುಗಳನ್ನು ಪರೀಕ್ಷಿಸಿದ ಕ್ವೀನ್ಸ್‌ಲ್ಯಾಂಡಿನ ತಂಡ 2020ರಲ್ಲಿ, ಅವುಗಳಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಇದೆ ಎಂದು ತೋರಿಸಿತು. ನೂರು ಗ್ರಾಂ ಜೇನಿನಲ್ಲಿ 13ರಿಂದ 44 ಗ್ರಾಂ. ಇದು ರಕ್ತಕ್ಕೆ ನಿಧಾನವಾಗಿ ಸೇರುವ ಸಕ್ಕರೆ, ಹಲ್ಲು ಹುಳುಕಾಗಿಸುವುದೂ ಕಡಿಮೆ. ಆಸ್ಟ್ರೇಲಿಯಾದ ಆ ನೊಣಗಳು ನಮ್ಮ ಮುಜಂಟಿಯ ಕುಲದವೇ. ಆದರೂ, ಸಕ್ಕರೆ ಕಾಯಿಲೆಯವರು ಇದನ್ನು ಓದಿ ಚಮಚ ಕೈಗೆತ್ತಿಕೊಳ್ಳಬಾರದು. ಉಳಿದ ಪಾಲು ಮಾಮೂಲಿ ಸಕ್ಕರೆಯೇ.

ಈ ಜೇನು ನೀರು ನೀರಾಗಿರುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಜೇನಿನ ತೇವಾಂಶಕ್ಕೆ ಇಟ್ಟ ಮಿತಿ ಶೇ. 20. ಮುಜಂಟಿ ಜೇನು ಸಹಜವಾಗಿಯೇ ಅದನ್ನು ದಾಟುತ್ತದೆ. ಅಂದರೆ ಕೃಷಿಕ ಹನಿ ನೀರು ಬೆರೆಸದಿದ್ದರೂ ಕಾಗದದ ಮೇಲೆ ಅದು ಕಳಪೆ ಜೇನು. ಮಲೇಷ್ಯಾ 2017ರಲ್ಲಿ ಚುಚ್ಚದ ಜೇನಿಗೆಂದೇ ಬೇರೆ ಮಾನದಂಡ ಬರೆದು ಶೇ. 35ರವರೆಗೆ ತೇವ ಒಪ್ಪಿಕೊಂಡಿತು. ಗುಣ ಕೇಳುವ ಮೊದಲು ಗುರುತು ಕೊಡಬೇಕಲ್ಲವೇ? ನಮ್ಮಲ್ಲೂ ಆ ಅಳತೆಗೋಲು ಬೇರೆಯಾಗಲೇಬೇಕು.

ಕೆಮ್ಮಿಗೆ ಶುಂಠಿರಸದ ಜೊತೆ ಜೇನು ಕೊಡುವ ಪದ್ಧತಿಗೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ 2018ರಲ್ಲಿ ಬೆಂಬಲವಾಯಿತು. ಕೆಮ್ಮಿಗೆ ಮೊದಲು ಜೇನು, ಆ್ಯಂಟಿಬಯಾಟಿಕ್ ಬೇಡ ಎಂಬುದು ಅದರ ಸಲಹೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನೂ ಕೂಡದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಮನೆಗಳು ನಮ್ಮಲ್ಲಿವೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು; ಹಸುಗೂಸಿನ ಕರುಳಿನಲ್ಲಿ ಅವು ಬೆಳೆದು ವಿಷ ಬಿಟ್ಟರೆ ಮೈಯೆಲ್ಲ ಸಡಿಲಾಗಿ ಉಸಿರು ನಿಲ್ಲುವ ಅಪಾಯವಿದೆ. ಅಜ್ಜಿಯ ಮನಸ್ಸು ನೋಯುತ್ತದೆಂದು ಸುಮ್ಮನಿರಬೇಡಿ. ಶಾಸ್ತ್ರಕ್ಕೆ ಬೆಲ್ಲವನ್ನೂ ಸವರಬೇಡಿ, ತಾಯಿಹಾಲು ಸಾಕು.

ಜೇನಿಗಿಂತ ಮೇಣಕ್ಕೆ ಹೆಚ್ಚು ಕೆಲಸ ಗೊತ್ತು.

ತುಡುವೆಯ ಮೇಣ ನೊಣದ ಹೊಟ್ಟೆಯ ಗ್ರಂಥಿಯಿಂದ ಬಂದದ್ದು. ಎಣ್ಣೆಯಲ್ಲಿ ಕರಗಿಸಿ ಒಡೆದ ಹಿಮ್ಮಡಿಗೆ ಹಚ್ಚುವುದು ಹಳೆಯ ಪದ್ಧತಿ. ಮುಜಂಟಿಯ ಮೇಣ ಬೇರೆ. ತನ್ನ ಮೈಯ ಮೇಣಕ್ಕೆ ಅದು ಮರಗಳ ಅಂಟನ್ನು ಕಲಸುತ್ತದೆ. ಗುಡುವೆ, ಬಾಗಿಲ ಕೊಳವೆ, ಸಂದು ಮುಚ್ಚುವ ಗಾರೆ ಎಲ್ಲವೂ ಈ ಕಪ್ಪು ಮಿಶ್ರಣವೇ. ಮಾವು, ಹಲಸಿನ ಕಾಂಡದಲ್ಲಿ ಅಂಟು ಒಸರುವ ಕಡೆ ನಿಂತು ನೋಡಿದರೆ ಹಿಂಗಾಲುಗಳಿಗೆ ಅಂಟಿನ ಉಂಡೆ ಕಟ್ಟಿಕೊಂಡು ಏಳುವ ನೊಣಗಳು ಕಾಣುತ್ತವೆ. ಒಳಗೆ ನುಗ್ಗಿದ ವೈರಿ ದೊಡ್ಡದಾಗಿದ್ದರೆ ಹೊರಗೆಳೆಯಲು ಆಗದು. ಅದನ್ನು ಅಲ್ಲೇ ಅಂಟಿನಲ್ಲಿ ಹೂತು ಮುಚ್ಚುತ್ತವೆ, ಕೊಳೆಯಲು ಬಿಡುವುದಿಲ್ಲ.

ಮರ ತನ್ನ ಗಾಯಕ್ಕೆ ಬಿಟ್ಟ ಅಂಟು, ಬ್ಯಾಕ್ಟೀರಿಯಾ ಬೂಷ್ಟುಗಳ ವಿರುದ್ಧವೇ ಬಿಟ್ಟದ್ದು. ನೊಣ ಅದನ್ನು ಆರಿಸಿ ತಂದು ಮನೆಗೆ ಬಳಿಯುತ್ತದೆ. ಹೀಗೆ ತಂದ ಅಂಟಿಗೆ ಪ್ರೊಪೊಲಿಸ್ ಎನ್ನುತ್ತಾರೆ. ಯುರೋಪಿನ ಪ್ರೊಪೊಲಿಸ್‌ನ ಗುಣ ಬಹುಮಟ್ಟಿಗೆ ಪಾಪ್ಲರ್ ಮರದ ಮೊಗ್ಗಿನದು. ಥಾಯ್ಲೆಂಡಿನ ಚುಚ್ಚದ ಜೇನಿನ ಪ್ರೊಪೊಲಿಸ್‌ನಲ್ಲಿ ಸಿಕ್ಕಿದ್ದು ಮ್ಯಾಂಗೋಸ್ಟಿನ್ ಹಣ್ಣಿನ ಮರದ ವಸ್ತುಗಳು. ಈ ಒಂದು ಸಂಗತಿ ನಮ್ಮ ಮಟ್ಟಿಗೆ ಬಹಳ ದೊಡ್ಡದು. ಪುಸ್ತಕದಲ್ಲಿ ಓದಿದ ಪ್ರೊಪೊಲಿಸ್‌ನ ಗುಣ ಬೆಳ್ತಂಗಡಿಯ ಗೂಡಿಗೆ ಹಾಗೆಯೇ ಅನ್ವಯಿಸದು. ಇಲ್ಲಿಯ ಕಾಡಿನಲ್ಲಿ ಪಾಪ್ಲರ್ ಇಲ್ಲ. ಧೂಪದ ಮರವಿದೆ, ಮ್ಯಾಂಗೋಸ್ಟಿನ್ನಿನ ಬಳಗದ ಪುನರ್ಪುಳಿ, ಉಪ್ಪಾಗೆಗಳಿವೆ, ಬಯಲಿಗಿಳಿದರೆ ಹಲಸು, ಮಾವು, ರಬ್ಬರ್. ಚಾರ್ಮಾಡಿಯ ಬುಡದ ಗೂಡಿನ ಮೇಣವೂ ಪಾಣೆಮಂಗಳೂರಿನ ಹೊಳೆಬದಿಯ ಗೂಡಿನ ಮೇಣವೂ ಒಂದೇ ಆಗಿರಬೇಕಿಲ್ಲ. ಊರೂರಿನ ಮೇಣವನ್ನು ಬೇರೆ ಬೇರೆಯಾಗಿ ಅಳೆಯದೆ, ಬಾಟಲಿಯ ಮೇಲೆ ರೋಗಗಳ ಪಟ್ಟಿ ಅಚ್ಚು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಅಳೆಯುವವರು ದೂರದಲ್ಲೂ ಇಲ್ಲ. ಮೂಡುಬಿದಿರೆಯಲ್ಲಿ ಆಳ್ವಾಸ್ ಆಯುರ್ವೇದ ಕಾಲೇಜಿದೆ, ಉಜಿರೆಯಲ್ಲಿ ಎಸ್‌ಡಿಎಂನ ಪದವಿ ಮತ್ತು ಪ್ರಕೃತಿ ಚಿಕಿತ್ಸಾ ಕಾಲೇಜುಗಳಿವೆ, ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. ಹೆಚ್ಚು ಖರ್ಚಿಲ್ಲದೆ ಶುರು ಮಾಡಬಹುದಾದ ಕೆಲಸ ಇದು: ಗೂಡಿನ ಸುತ್ತ ಯಾವ ಮರಗಳಿವೆ ಎಂದು ಬರೆದುಕೊಂಡು, ಚೂರು ಮೇಣ ತೆಗೆದು, ಮದ್ಯಸಾರದಲ್ಲಿ ಕರಗಿಸಿ, ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಹನಿಸಿ, ಅದರ ಸುತ್ತ ಎಷ್ಟು ಜಾಗ ಬೋಳಾಯಿತು ಎಂದು ಅಳೆಯುವುದು.

ಒಲೆ ಕಂಡ ಜೇನು ಬರೀ ಸಿಹಿ.

ಜೇನನ್ನು ಕಾಯಿಸಬಾರದು ಎಂದು ಆಯುರ್ವೇದ ಕಟ್ಟುನಿಟ್ಟಾಗಿ ಹೇಳುತ್ತದೆ. ಮೇಲೆ ಹೇಳಿದ ಕಿಣ್ವ ಬಿಸಿಗೆ ಸಾಯುತ್ತದೆ; ಕಿಣ್ವ ಹೋದರೆ ಪೆರಾಕ್ಸೈಡ್ ಹೋಯಿತು. ಕಾಯಿಸಿದಂತೆಲ್ಲ, ಹಳತಾದಂತೆಲ್ಲ, ಎಚ್‌ಎಂಎಫ್ ಎಂಬ ವಸ್ತು ಹೆಚ್ಚುತ್ತದೆ. ಕಿಲೋಗೆ 80 ಮಿಲಿಗ್ರಾಂ ದಾಟಬಾರದೆಂದು ನಮ್ಮ ನಿಯಮ. ಹಾಗಾಗಿ ಕುದಿಯುವ ಕಷಾಯಕ್ಕೆ ಜೇನು ಸುರಿಯಬೇಡಿ, ಕುಡಿಯುವಷ್ಟು ಬೆಚ್ಚಗಾದ ಮೇಲೆ ಬೆರೆಸಿ. ಜನವರಿಯಿಂದ ಮಾರ್ಚಿನವರೆಗೆ ರಬ್ಬರಿನ ಎಳೆ ಎಲೆಗಳ ತೊಟ್ಟಿನಲ್ಲಿ ಒಸರುವ ರಸದಿಂದ ತುಡುವೆ ಜೇನು ಧಾರಾಳವಾಗಿ ಬರುತ್ತದೆ. ಅದನ್ನು ಹೂವಿನ ಜೇನಲ್ಲ ಎಂದು ಹೀಗಳೆಯಬೇಕಾಗಿಲ್ಲ, ನೊಣದ ಕಿಣ್ವ ಅದರಲ್ಲೂ ಇದೆ. ಇಲ್ಲದಿರುವುದು ಸಕ್ಕರೆ ಪಾಕದಲ್ಲಿ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪೇಟೆಯ ಜೇನಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 77ರಲ್ಲಿ ಪಾಕ ಬೆರೆತಿತ್ತು. ಮದ್ದಿಗೆಂದು ಕೊಳ್ಳುವವರು ಗೂಡು ಇಟ್ಟವರ ಮನೆಯಿಂದ ಕೊಳ್ಳಿ.

ಹೆಜ್ಜೇನಿನ ಮುಳ್ಳನ್ನು ಮದ್ದೆಂದು ಕರೆಯಬೇಡ.

ಜೇನು ಕಚ್ಚಿಸಿಕೊಂಡರೆ ಗಂಟುನೋವು ಹೋಗುತ್ತದೆ ಎಂಬ ನಂಬಿಕೆ ಲೋಕದ ತುಂಬ ಇದೆ, ನಮ್ಮಲ್ಲೂ ಇದೆ. ವಿಷದ ಒಳಗೇನಿದೆ? ಒಣ ತೂಕದ ಸುಮಾರು ಅರ್ಧ ಮೆಲಿಟಿನ್, 26 ಅಮೈನೋ ಆಮ್ಲಗಳ ಸರಪಳಿ. ಮತ್ತೆ 18 ಅಮೈನೋ ಆಮ್ಲದ ಅಪಮಿನ್, ನರಗಳ ಮೇಲೆ ಕೆಲಸ ಮಾಡುವಂಥದ್ದು. ಪೊರೆ ಒಡೆಯುವ ಫಾಸ್ಫೋಲೈಪೇಸ್ ಕಿಣ್ವ. 2020ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು, ಗುಣಪಡಿಸಲು ಕಷ್ಟವಾದ ಒಂದು ಬಗೆಯ ಸ್ತನ ಕ್ಯಾನ್ಸರಿನ ಕೋಶಗಳನ್ನು ಮೆಲಿಟಿನ್ ಬೇಗ ಕೊಲ್ಲುತ್ತದೆ ಎಂದು ತೋರಿಸಿದರು. ಪತ್ರಿಕೆಗಳು ಅದನ್ನು ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂದು ಬರೆದವು. ಅದು ಗಾಜಿನ ತಟ್ಟೆಯ ಕೋಶಗಳಲ್ಲಿ, ಇಲಿಗಳಲ್ಲಿ ನಡೆದ ಕೆಲಸ. ಮೆಲಿಟಿನ್‌ಗೆ ಕ್ಯಾನ್ಸರಿನ ಕೋಶ, ಕೆಂಪು ರಕ್ತಕಣ ಎಂಬ ಭೇದ ತಾನಾಗಿ ತಿಳಿಯದು. ಬೇಕಾದ ಕಡೆಗಷ್ಟೇ ಅದನ್ನು ಮುಟ್ಟಿಸುವ ದಾರಿ ಹುಡುಕುವುದೇ ಈಗಿನ ಕೆಲಸ.

ಜೇನ್ನೊಣದಿಂದ ಚುಚ್ಚಿಸಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದ ಸ್ಪೇನಿನ ಮಹಿಳೆಯೊಬ್ಬರು ತೀವ್ರ ಅಲರ್ಜಿಯಿಂದ ತೀರಿಕೊಂಡದ್ದು 2018ರಲ್ಲಿ ವರದಿಯಾಯಿತು. ಹಿಂದೆ ಎಷ್ಟೋ ಸಲ ಏನೂ ಆಗದವರಿಗೂ ಒಂದು ದಿನ ಹಾಗಾಗಬಹುದು. ವಿಷಕ್ಕೆ ವೈದ್ಯಕೀಯದಲ್ಲಿ ಗಟ್ಟಿಯಾಗಿ ನಿಂತ ಬಳಕೆ ಒಂದೇ: ಜೇನು ಅಲರ್ಜಿಯವರಿಗೆ ಆಸ್ಪತ್ರೆಯಲ್ಲಿ ಅಣುಪ್ರಮಾಣದ ವಿಷವನ್ನು ಮೂರರಿಂದ ಐದು ವರ್ಷ ಕೊಟ್ಟು ಒಗ್ಗಿಸುವುದು.

ಹೆಜ್ಜೇನು ಎದ್ದರೆ ಓಡಿ. ತಲೆ ಮುಖ ಮುಚ್ಚಿಕೊಂಡು ಬಾಗಿಲಿರುವ ಕಡೆಗೆ ಓಡಿ. ಮುಳ್ಳು ಚರ್ಮದಲ್ಲೇ ಉಳಿದು ವಿಷ ಒತ್ತುತ್ತಿರುತ್ತದೆ. ಉಗುರಲ್ಲೋ ಕೈಗೆ ಸಿಕ್ಕಿದ್ದರಲ್ಲೋ ತಕ್ಷಣ ಕೆರೆದು ತೆಗೆಯಿರಿ. ಸುಣ್ಣ ಹುಡುಕಿಕೊಂಡು ಹೋಗುವ ಹೊತ್ತು ಅದಲ್ಲ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ಹತ್ತಾರು ಕಡೆ ಚುಚ್ಚಿದ್ದರೆ ನೇರವಾಗಿ ಆಸ್ಪತ್ರೆ. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದಿಗೆ ಬದಲಿ ಯಾವ ಮನೆಯಲ್ಲೂ ಇಲ್ಲ.

ಚಗಳಿ ಮೂಗಿಗೂ ಆಯಿತು, ಗೇರುಮರಕ್ಕೂ ಆಯಿತು.

ಎಲೆಗಳನ್ನು ಮರಿಯ ರೇಷ್ಮೆನೂಲಿನಿಂದ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಚಗಳಿ. ಉತ್ತರ ಕನ್ನಡದಲ್ಲಿ ಅದರ ಚಟ್ನಿ ಪ್ರಸಿದ್ಧ. ಒಡಿಶಾದ ಸಿಮಿಲಿಪಾಲಿನ ಇಂಥದ್ದೇ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಶೀತಕ್ಕೆ ಗೂಡನ್ನು ಹಿಸುಕಿ ಮೂಸಿದರೆ ಫಾರ್ಮಿಕ್ ಆಮ್ಲದ ಘಾಟು ಮೂಗಿಗೆ ಹೊಡೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮೂಗು ಬಿಟ್ಟಂತಾಗುತ್ತದೆ. ಶೀತ ವಾಸಿಯಾಗುವುದಿಲ್ಲ. ಉಬ್ಬಸ ಇರುವವರು ಮೂಸಲೇಬಾರದು. ಮೂಗಿನ ವಿಷಯ ಇಷ್ಟೇ.

ಸಾಲಿನ ಎರಡನೆಯ ಅರ್ಧ ಹೆಚ್ಚು ಮುಖ್ಯ. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ ಎಂಬ ಕೀಟ. ಎಳೆ ಚಿಗುರು, ಹೂಗೊಂಚಲನ್ನು ಚುಚ್ಚಿ ಕರಕಲು ಮಾಡುತ್ತದೆ. ಚಗಳಿ ಇರುವ ಮರದಲ್ಲಿ ಅದರ ಕಾಟ ಕಡಿಮೆ, ಚಗಳಿ ಅದನ್ನು ಹಿಡಿದು ತಿನ್ನುತ್ತದೆ. ಅದೇ ಟೀ ಸೊಳ್ಳೆಯನ್ನು ಕೊಲ್ಲಲೆಂದು 1980ರ ದಶಕದಿಂದ 2000ದವರೆಗೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹುಳ ಸತ್ತದ್ದು ಮಾತ್ರವಲ್ಲ. ಅಲ್ಲಿಯ ಮನೆಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಪಾಡು ನಾಡಿಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಮರದಲ್ಲೇ ಇದ್ದ ಕಾವಲುಗಾರನನ್ನು ಬಿಟ್ಟು ಆಕಾಶದಿಂದ ವಿಷ ತರಿಸಿದ ಈ ಕಥೆಯನ್ನು, ಹುಳದ ಮದ್ದು ಎಂಬ ಮಾತು ಬಂದಾಗಲೆಲ್ಲ ಹೇಳಬೇಕು. ಊರಿನ ಆರೋಗ್ಯಕ್ಕೆ ಚಗಳಿ ಕೊಡಬಹುದಾಗಿದ್ದ ಅತಿ ದೊಡ್ಡ ಮದ್ದು ಆ ಕಾವಲೇ ಆಗಿತ್ತು.

ಬಸದಿಯವರು ಜೇನು ಬಿಟ್ಟರು, ಮದ್ದು ಬಿಡಲಿಲ್ಲ.

ಮೂಡುಬಿದಿರೆ ಸಾವಿರ ಕಂಬದ ಬಸದಿಯ ಊರು, ಜೈನಕಾಶಿ. ಶ್ರಾವಕರ, ಅಂದರೆ ಗೃಹಸ್ಥ ಜೈನರ, ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆ ಮಧುವೂ ವರ್ಜ್ಯ. ಎರಿ ಹಿಂಡುವಾಗ ಸಾಯುವ ಜೀವಗಳ ಲೆಕ್ಕ ಇಟ್ಟವರ ನಿಯಮ ಅದು. ಹಾಗೆಂದು ಜೈನರು ವೈದ್ಯದಿಂದ ದೂರ ಇರಲಿಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥ ಕನ್ನಡದಲ್ಲಿ ಬರೆದ ಕಲ್ಯಾಣಕಾರಕ, ಮಾಂಸ ಮದ್ಯ ಬಿಟ್ಟು ಚಿಕಿತ್ಸೆ ಹೇಳುವ ಗ್ರಂಥ. ಇಂದಿನ ಸಂಶೋಧಕರಿಗೆ ಇದರಲ್ಲೊಂದು ಎಚ್ಚರಿಕೆ ಇದೆ: ಹುಳದಿಂದ ಒಂದು ವಸ್ತು ಕಂಡುಕೊಂಡ ಮೇಲೆ ಅದನ್ನು ಹುಳ ಕೊಂದೇ ತೆಗೆಯಬೇಕಿಲ್ಲ. ಅಮೈನೋ ಆಮ್ಲಗಳ ಸರಪಳಿಯ ಕ್ರಮ ಗೊತ್ತಾದರೆ ಪ್ರಯೋಗಾಲಯದಲ್ಲೇ ಹೆಣೆಯಬಹುದು.

ಪೇಟೆಯ ಮಾತ್ರೆಯಲ್ಲೂ ಹುಳದ ಪಾಲುಂಟು.

ಹುಳದ ಮದ್ದು ಎಂದರೆ ಮುಖ ಸಿಂಡರಿಸುವವರು ಬಿ.ಸಿ. ರೋಡಿನ ಮೆಡಿಕಲ್ ಅಂಗಡಿಯಲ್ಲಿ ಕೊಂಡ ಮಾತ್ರೆಯನ್ನು ಒಮ್ಮೆ ನೋಡಲಿ. ಹೊರಗಿನ ಹೊಳಪು ಎಷ್ಟೋ ಮಾತ್ರೆಗಳಲ್ಲಿ ಅರಗಿನದು. ಮುತ್ತುಗ, ಬೋರೆ ಮರಗಳ ಕೊಂಬೆಗೆ ಅಂಟಿ ಬದುಕುವ ಅರಗಿನ ಹುಳ ಒಸರಿಸಿದ್ದು. ಹಲ್ಲು ಕೀಳಿಸಿದಾಗ ಊತಕ್ಕೆಂದು ಬರೆದುಕೊಡುತ್ತಿದ್ದ ಸೆರಾಟಿಯೋಪೆಪ್ಟಿಡೇಸ್, ರೇಷ್ಮೆಹುಳದ ಕರುಳಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಕಿಣ್ವ. ಅದನ್ನು ಮೊದಲು ಮಾರಿದ ಜಪಾನಿನಲ್ಲೇ, ಮರುಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಮೇಲು ಎಂದು ತೋರದೆ, 2011ರಲ್ಲಿ ಕಂಪನಿ ಹಿಂದಕ್ಕೆ ಪಡೆಯಿತು. ಭಾರತದಲ್ಲಿ ಆಮೇಲೂ ಮಾರಾಟ ನಡೆದೇ ಇತ್ತು. ಅಜ್ಜಿಯ ಮದ್ದಿಗೆ ಪುರಾವೆ ಕೇಳುವ ನಾವು ಡಬ್ಬಿಯ ಮದ್ದಿಗೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಪುರಾವೆ ಗೆದ್ದ ಉದಾಹರಣೆಯೂ ಇದೆ. ಬೊಕ್ಕೆ ಎಬ್ಬಿಸುವ ಜೀರುಂಡೆಗಳ ಮೈಯಲ್ಲಿರುವ ಕ್ಯಾಂಥರಿಡಿನ್, ನುಂಗಿದರೆ ಮಾರಕ ವಿಷ. ಅದನ್ನೇ ಅಳತೆಯಲ್ಲಿ ಚರ್ಮಕ್ಕೆ ಹಚ್ಚಿ, ಮೊಲಸ್ಕಮ್ ಎಂಬ ವೈರಸ್ ಗುಳ್ಳೆಗಳನ್ನು ತೆಗೆಯುವ ಔಷಧಕ್ಕೆ 2023ರ ಜುಲೈಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕೆಂಪು-ಕಪ್ಪು ಪಟ್ಟೆಯ ಇಂಥ ಜೀರುಂಡೆಗಳು ನಮ್ಮ ಹಿತ್ತಲ ಹೂಗಳಿಗೂ ಬರುತ್ತವೆ; ಬರಿಗೈಯಲ್ಲಿ ಮುಟ್ಟಬೇಡಿ.

ಹುತ್ತ ಅಗೆಯುವ ಮೊದಲು ಊರನ್ನು ಕೇಳು.

ನಮ್ಮ ಕಡೆಯ ಹುತ್ತಗಳೊಳಗೆ ಗೆದ್ದಲು ಅಣಬೆ ಬೆಳೆಸುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ಬೆಳೆಯದೇ. ಗೆದ್ದಲು ಇರುವವರೆಗೆ ಆ ಅಣಬೆತೋಟದಲ್ಲಿ ಕಳೆಯ ಬೂಷ್ಟು ತಲೆಯೆತ್ತದು. ಗೆದ್ದಲು ತೆಗೆದುಬಿಟ್ಟರೆ ಕೆಲವೇ ದಿನಗಳಲ್ಲಿ ಎಲ್ಲವನ್ನೂ ಆವರಿಸುತ್ತದೆ. ಗೆದ್ದಲಿನ ಜೊತೆ ಬದುಕುವ ಬ್ಯಾಸಿಲಸ್, ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳಿಂದ ಬೂಷ್ಟು ತಡೆಯುವ ವಸ್ತುಗಳನ್ನು ಆಫ್ರಿಕಾದ ಹುತ್ತಗಳಲ್ಲಿ ಪ್ರತ್ಯೇಕಿಸಿದ್ದಾರೆ. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ ಕೂಡ 1943ರಲ್ಲಿ ಇದೇ ಬಳಗದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ತುಳುನಾಡಿನ ಜನ ನಾಗನ ಜಾಗವೆಂದು ಹುತ್ತಕ್ಕೆ ಹಾರೆ ತಾಗಿಸದೆ ಉಳಿಸಿದ ಬನಗಳಲ್ಲಿ ಇಂಥ ಸಂಪತ್ತು ಇನ್ನೂ ಇದೆ. ಮಾದರಿಗೆ ಒಂದು ಚಮಚ ಮಣ್ಣು ಸಾಕು. ಅದನ್ನೂ ಆ ಮನೆಯವರನ್ನು, ಊರವರನ್ನು ಕೇಳಿಯೇ ತೆಗೆಯಬೇಕು.

ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನೂ ಹೌದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಊರಿನ ಜೀವಿಯಿಂದ, ತಿಳಿವಳಿಕೆಯಿಂದ ಯಾರಾದರೂ ಲಾಭ ಮಾಡಿಕೊಂಡರೆ ಊರಿಗೂ ಪಾಲು ಕೊಡಬೇಕು. 2023ರ ತಿದ್ದುಪಡಿ, ಶಾಸ್ತ್ರಗ್ರಂಥಗಳಲ್ಲಿ ಬರೆದಿಟ್ಟ ಜ್ಞಾನವನ್ನು ಬಳಸುವವರಿಗೆ ಈ ಪಾಲಿನಿಂದ ವಿನಾಯಿತಿ ಕೊಟ್ಟಿದೆ. ಕುದುರೆಮುಖದ ತಪ್ಪಲಿನ ಮಲೆಕುಡಿಯರು ಕಾಡುಜೇನಿನ ಬಗ್ಗೆ ತಿಳಿದಿರುವುದು, ಬಂಟ್ವಾಳದ ಅಜ್ಜಿ ಮುಜಂಟಿ ಮೇಣದ ಬಗ್ಗೆ ತಿಳಿದಿರುವುದು ಆ ಗ್ರಂಥಗಳಲ್ಲಿ ಇಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು, ಪಾಲಿನ ಹಕ್ಕು ಅದಕ್ಕೆ ಇನ್ನೂ ಉಳಿದಿದೆ. ದಾಖಲೆ ಇಲ್ಲದಿದ್ದರೆ ಆ ಹಕ್ಕನ್ನು ತೋರಿಸುವುದು ಹೇಗೆ? ನಿಮ್ಮ ಮನೆಯಲ್ಲಿ ಯಾವ ಜೇನು, ಯಾವ ಮೇಣ, ಯಾವ ಕಾಯಿಲೆಗೆ, ಯಾವ ಅಳತೆಯಲ್ಲಿ ಬಳಕೆಯಲ್ಲಿದೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಪಂಚಾಯತಿಗೆ ಹೋಗಿ ದಾಖಲಾತಿಯಲ್ಲಿ ಅದನ್ನು ಸೇರಿಸಲು ಹೇಳಿ. ಸಮಿತಿ ಕಾಗದದಲ್ಲಿ ಮಾತ್ರ ಇದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.